ತೊಂಡೇಬಾವಿಯಲ್ಲೊಂದು ಬಾಡಿಗೆ ಮನೆ

ಬಾಡಿಗೆ ಮನೆ ನೋಡೋಕೆ ತೊಂಡೇಬಾವಿಗೆ ಹೋಗ್ತಿದೀನಿ ಅಂದಾಗ ಆಫೀಸಿನಲ್ಲಿ ಎಲ್ಲರೂ ನಕ್ಕರು. ‘ಊರೆಲ್ಲ ಬೆಂಗಳೂರಿಗೆ ಬರ್ತಿದ್ರೆ ನೀನೊಬ್ಬ ರಿವರ್ಸ್ ಗೇರ್ ಹಾಕಿದೀಯಲ್ಲ ಗುರು’ ಅಂದ ಒಬ್ಬ. ಇನ್ನೊಬ್ಬಳಿಗೆ ಆ ಊರು ಎಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ. ಮ್ಯಾಪ್ ತೆಗೆದು ತೋರಿಸಿದೆ. ಚಿಕ್ಕಬಳ್ಳಾಪುರ ಜಿಲ್ಲೆ, ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೆಂಗಳೂರಿನಿಂದ ಹಿಂದೂಪುರಕ್ಕೆ ಹೋಗುವ ರೈಲಿನಲ್ಲಿ ದೊಡ್ಡಬಳ್ಳಾಪುರ ಆಯ್ತು, ಮಾಕಳಿದುರ್ಗ ಆಯ್ತು, ಅದರ ಮುಂದಿನದು ತೊಂಡೇಬಾವಿ. ‘ಟ್ರೆಕ್ಕಿಂಗ್ ಜಾಗನಾ?’ ಅಂದಳು. ಅಲ್ಲ, ಟ್ರೆಕ್ಕಿಂಗ್ ಮಾಡೋರು ಹಿಂದಿನ ಸ್ಟೇಷನ್ನಿನಲ್ಲೇ ಇಳಿದುಬಿಡ್ತಾರೆ.

ನಾವೀಗ ಇರುವುದು ಯಲಹಂಕದಿಂದ ಸ್ವಲ್ಪ ಆಚೆ. ಇನ್ನೂರಕ್ಕೂ ಹೆಚ್ಚು ಮನೆಗಳ ಅಪಾರ್ಟ್‌ಮೆಂಟು, ಏಳನೇ ಮಹಡಿ, ಎರಡು ಬೆಡ್‌ರೂಮ್. ಹೆಸರು ಬೇಡ ಬಿಡಿ. ಗೇಟಿನ ಬಳಿ ಕಾರಂಜಿ ಇದೆ, ಅದರಲ್ಲಿ ನೀರು ಬಂದದ್ದನ್ನು ನಾನು ನೋಡಿಲ್ಲ. ಈಜುಕೊಳ ಇದೆ, ಅದರೊಳಗೆ ಒಣಗಿದ ಎಲೆ ಇದೆ. ಇವೆಲ್ಲ ಇಲ್ಲದಿದ್ದರೂ ನಡೆಯುತ್ತೆ. ನಲ್ಲಿಯಲ್ಲಿ ಬರುವ ನೀರಿನದೇ ತಕರಾರು. ಬೋರ್‌ವೆಲ್ ಅರ್ಧ, ಟ್ಯಾಂಕರ್ ಅರ್ಧ. ಟ್ಯಾಂಕರ್ ನೀರು ಯಾವ ಊರಿನ ಯಾವ ಬೋರಿನದು ಅಂತ ಮ್ಯಾನೇಜರ್‌ಗೂ ಗೊತ್ತಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ, ಶವರಿನ ತೂತುಗಳಿಗೆ ಸುಣ್ಣ. ಗೀಸರ್ ಕಾಯಿಲ್ ಬಿಚ್ಚಿದ ಎಲೆಕ್ಟ್ರಿಷಿಯನ್ ಅದನ್ನು ನನ್ನ ಕೈಗೆ ಕೊಟ್ಟ. ಕಬ್ಬಿಣ ಕಾಣುತ್ತಲೇ ಇರಲಿಲ್ಲ, ಸೀಮೆಸುಣ್ಣದ ಕಡ್ಡಿ ಹಿಡಿದ ಹಾಗಿತ್ತು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದ ಕೂಡಲೇ ಕಾರ್ಬನೇಟ್ ಆಗಿ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ. ಪಿಯುಸಿಯಲ್ಲಿ ಓದಿದ್ದೆ, ಇಲ್ಲಿ ಕೈಯಲ್ಲಿ ಹಿಡಿದು ನೋಡಿದೆ.

ಎರಡನೆಯದು ವಾಸನೆ. ಬಳಸಿದ ನೀರನ್ನು ಶುದ್ಧ ಮಾಡಿ ಫ್ಲಶ್‌ಗೆ ಕೊಡುವ ಎಸ್‌ಟಿಪಿ ನಮ್ಮ ಬೇಸ್‌ಮೆಂಟಿನಲ್ಲಿದೆ. ಒಳ್ಳೆಯ ವ್ಯವಸ್ಥೆ, ನಗರಕ್ಕೆ ಬೇಕಾದದ್ದೇ. ಆದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಇಪ್ಪತ್ನಾಲ್ಕು ಗಂಟೆ ಗಾಳಿ ಊದುತ್ತಿರಬೇಕು. ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಬ್ಲೋವರ್ ನಿಲ್ಲಿಸಿದರೆ ಅವು ಸಾಯ್ತವೆ, ಬೆಳಿಗ್ಗೆ ಬಾತ್‌ರೂಮಿನ ಬಾಗಿಲು ತೆಗೆದಾಗ ನಮಗೆ ಸುದ್ದಿ ಮುಟ್ಟುತ್ತದೆ.

ಮೂರನೆಯದು ಬೆಡ್‌ರೂಮಿನ ಪಶ್ಚಿಮದ ಗೋಡೆ. ಮಳೆಗಾಲ ಶುರುವಾದ ಹತ್ತು ದಿನಕ್ಕೆ ಪೇಂಟು ಹಪ್ಪಳದ ಹಾಗೆ ಉಬ್ಬುತ್ತದೆ. ಬೆರಳಲ್ಲಿ ಒತ್ತಿದರೆ ಒಳಗಿನಿಂದ ಪುಡಿ ಉದುರುತ್ತದೆ. ಬೀರುವಿನಲ್ಲಿದ್ದ ಹೆಂಡತಿಯ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯಿತು. ಮದುವೆ ಸೀರೆ. ಅವತ್ತಿನಿಂದ ಆ ಗೋಡೆಯ ಬಗ್ಗೆ ಮನೆಯಲ್ಲಿ ಮಾತು ಬಂದರೆ ನಾನು ಬಾಲ್ಕನಿಗೆ ಹೋಗ್ತೀನಿ.

ಇಷ್ಟನ್ನೂ ಸಹಿಸಬಹುದು. ಬೆಂಗಳೂರಿನಲ್ಲಿ ಬಾಡಿಗೆಗೆ ಇರೋರೆಲ್ಲ ಏನೋ ಒಂದು ಸಹಿಸ್ತಿರ್ತಾರೆ. ಆದರೆ ಯಾರಿಗೆ ಹೇಳಬೇಕು? ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕಿದರೆ ಎರಡನೇ ದಿನ ‘ರಿಸಾಲ್ವ್ಡ್’ ಅಂತ ಹಸಿರು ಗುರುತು ಬೀಳುತ್ತೆ, ಗೋಡೆ ಹಾಗೇ ಇರುತ್ತೆ. ಮ್ಯಾನೇಜರ್ ಕೇಳಿದರೆ ‘ಅದು ಕಮಿಟಿ ಡಿಸಿಷನ್ ಸಾರ್’. ಕಮಿಟಿಯವರನ್ನು ಲಿಫ್ಟಿನಲ್ಲಿ ಹಿಡಿದರೆ ‘ನಿಮ್ಮ ಓನರ್ ಮೇಲ್ ಹಾಕ್ಲಿ’. ಓನರ್ ಇರೋದು ಬೇರೆ ದೇಶದಲ್ಲಿ. ನಮಗೆ ರಾತ್ರಿ ಆದಾಗ ಅವರಿಗೆ ಆಫೀಸು. ‘ಔಟರ್ ವಾಲ್ ಕಾಮನ್ ಏರಿಯಾ ಅಲ್ವಾ, ಅಸೋಸಿಯೇಷನ್ ಜೊತೆ ಮಾತಾಡಿ’ ಅಂತಾರೆ. ಅಲ್ಲಿಗೆ ಒಂದು ಸುತ್ತು ಮುಗಿಯಿತು.

ಕಾನೂನು ಏನು ಹೇಳುತ್ತೆ ಅಂತ ಒಂದು ಭಾನುವಾರ ಕೂತು ಓದಿದೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಅನ್ನೋದು ಮಾಲೀಕರ ಸಂಘ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಹೆಸರಿನಲ್ಲೇ ಅದಿದೆ. ಪ್ರತಿ ತಿಂಗಳು ಮೇಂಟೆನೆನ್ಸ್ ಕಟ್ಟೋದು ನಾನು, ಸಭೆಯಲ್ಲಿ ಕೈ ಎತ್ತೋದು ಸಮುದ್ರದಾಚೆ ಇರುವವರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಅಂದುಕೊಂಡರೆ, ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳನ್ನು ಅದು ಹೊರಗಿಟ್ಟಿದೆ. ಈಗ ಆ ದುಡ್ಡಿಗೆ ಬೆಂಗಳೂರಿನಲ್ಲಿ ಕಾರ್ ಪಾರ್ಕಿಂಗ್ ಸಿಗಬಹುದು. ಉಳಿದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ನಿನಲ್ಲಿ ಒಂದು ಒಳ್ಳೆಯ ಮಾತಿದೆ: ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಒಪ್ಪಂದದಲ್ಲಿ ಬೇರೆ ಥರ ಬರೆದುಕೊಂಡಿಲ್ಲದಿದ್ದರೆ. ನನ್ನ ಹನ್ನೊಂದು ತಿಂಗಳ ಒಪ್ಪಂದದಲ್ಲಿ ಬೇರೆ ಥರವೇ ಬರೆದಿದೆ. ಬರೆದಿಲ್ಲದಿದ್ದರೂ, ಏಳನೇ ಮಹಡಿಯ ಹೊರಗೋಡೆಗೆ ಹಗ್ಗ ಕಟ್ಟಿಕೊಂಡು ಇಳಿದು ರಿಪೇರಿ ಮಾಡೋರು ಯಾರು? ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳು ಮೀರಬಾರದು ಅನ್ನುತ್ತೆ, ನೀರು, ಲಿಫ್ಟಿನಂಥ ಅಗತ್ಯ ಸೇವೆ ತಡೆಯಬಾರದು ಅನ್ನುತ್ತೆ. ಹೆಸರೇ ಹೇಳುವ ಹಾಗೆ ಅದು ಮಾದರಿ. ರಾಜ್ಯ ಒಪ್ಪಿಕೊಂಡು ತನ್ನದಾಗಿಸಿಕೊಂಡರೆ ಉಂಟು. ನಾನು ಕೊಟ್ಟ ಅಡ್ವಾನ್ಸ್ ಆರು ತಿಂಗಳದ್ದು.

ಈ ಗೋಳನ್ನೆಲ್ಲ ಕ್ಯಾಂಟೀನಿನಲ್ಲಿ ಕೇಳಿಸಿಕೊಂಡ ನಮ್ಮ ಟೀಮಿನ ಒಬ್ಬ ಹುಡುಗ ‘ನಮ್ಮ ಕಡೆ ಬಂದು ಒಂದು ಮನೆ ನೋಡಿ ಸಾರ್’ ಅಂದ. ಅವನ ಊರು ತೊಂಡೇಬಾವಿ. ಆಫೀಸು ಇರುವ ಮೂರು ದಿನ ರೈಲಿನಲ್ಲಿ ಯಲಹಂಕಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮಾನ್ಯತಾಗೆ ಬರ್ತಾನೆ. ಹೆಬ್ಬಾಳದ ಫ್ಲೈಓವರ್ ಮೇಲೆ ನಾನು ನಿಂತಿರುವ ಹೊತ್ತನ್ನೂ ಲೆಕ್ಕ ಹಾಕಿದರೆ ಅವನಿಗೂ ನನಗೂ ಭಾರಿ ವ್ಯತ್ಯಾಸ ಇಲ್ಲ.

ಶಿವರಾತ್ರಿ ಮುಗಿದ ಮೇಲೊಂದು ಶನಿವಾರ ಯಲಹಂಕದಲ್ಲಿ ರೈಲು ಹತ್ತಿದೆ. ಟಿಕೆಟ್ಟಿಗೆ ಕೊಟ್ಟದ್ದು ನಮ್ಮ ಆಫೀಸಿನ ಕೆಳಗಿನ ಕಾಫಿಗಿಂತ ಕಡಿಮೆ. ಖಾಲಿ ಹೂವಿನ ಬುಟ್ಟಿ ಹಿಡಿದು ವಾಪಸ್ ಹೋಗುವ ಹೆಂಗಸರು, ಕಾಲೇಜು ಹುಡುಗರು, ವಿದುರಾಶ್ವತ್ಥಕ್ಕೆ ನಾಗರ ಪೂಜೆಗೆ ಹೊರಟ ಒಂದು ದೊಡ್ಡ ಸಂಸಾರ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗವೂ ಅದೇ. ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತ ಪಾಠದಲ್ಲಿ ಓದಿದ್ದೆವಲ್ಲ, ಅದೇ. ಆ ಸಂಸಾರದ ಅಜ್ಜಿ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು, ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಈ ಸೀಮೆಯೇ ಹಾಗೆ.

ದೊಡ್ಡಬಳ್ಳಾಪುರದವರೆಗೆ ಹಳಿಯ ಪಕ್ಕ ಲೇಔಟುಗಳ ಬಣ್ಣದ ಕಮಾನು, ಸೈಟಿನ ಕಲ್ಲು. ಅದು ದಾಟಿದ ಮೇಲೆ ಬಂಡೆ ಶುರು. ಮಾಕಳಿದುರ್ಗದ ಬೆಟ್ಟ ಹತ್ತಿರ ಬರುತ್ತಿದ್ದ ಹಾಗೆ ರೈಲು ಬಳುಕಿ ಬುಡದಲ್ಲೇ ಸಾಗುತ್ತದೆ. ಮೇಲೆ ಹಳೆಯ ಕೋಟೆ, ಶಿವನ ಗುಡಿ, ನಂದಿ. ಬ್ಯಾಗು ಹೊತ್ತ ಆರೇಳು ಜನ ಇಳಿದರು. ಮೊಬೈಲ್ ಎತ್ತಿ ನಾನೂ ಒಂದು ಫೋಟೊ ತೆಗೆದೆ. ಹೆಂಡತಿಗೆ ಕಳಿಸಿದೆ. ‘ಮನೆ ಫೋಟೊ ಕಳಿಸಿ’ ಅಂತ ಉತ್ತರ ಬಂತು.

ತೊಂಡೇಬಾವಿ ಬಂದದ್ದು ಗೊತ್ತಾಗೋದು ಸಿಮೆಂಟ್ ಘಟಕದಿಂದ. ಬಯಲಿನಲ್ಲಿ ಎತ್ತರದ ಸೈಲೋಗಳು, ಅಲ್ಲಿಗೇ ಹೋಗುವ ಹಳಿ, ಸಾಲಾಗಿ ನಿಂತ ಲಾರಿಗಳು. ಎಸಿಸಿ ಕಂಪನಿಯ ಗ್ರೈಂಡಿಂಗ್ ಘಟಕ ಇದು. ಅಂದರೆ ಸುಣ್ಣದಕಲ್ಲು ಸುಡುವ ಕೆಲಸ ಇಲ್ಲಿಲ್ಲ. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಸುಟ್ಟ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ರೈಲಿನಲ್ಲಿ ಬರುತ್ತವೆ. ಇಲ್ಲಿ ಅದನ್ನು ಜಿಪ್ಸಂ, ಹಾರುಬೂದಿ ಜೊತೆ ಸೇರಿಸಿ ಹಿಟ್ಟಿನಂತೆ ಬೀಸಿ ಮೂಟೆ ಕಟ್ಟುತ್ತಾರೆ. ಸಿಮೆಂಟು ಹತ್ತಿರದಲ್ಲೇ ಬೇಕಾದದ್ದು ಯಾರಿಗೆ ಅಂತ ಕೇಳಬೇಕಾಗಿಲ್ಲ. ಲಾರಿಗಳ ಮುಖ ಯಾವ ಕಡೆಗಿದೆ ನೋಡಿದರೆ ಸಾಕು. ಯಲಹಂಕ, ದೇವನಹಳ್ಳಿ, ಹೆಸರಘಟ್ಟ ರಸ್ತೆಯಲ್ಲಿ ಎದ್ದು ನಿಂತಿರೋ ಟವರುಗಳಿಗೆ ಈ ಥರದ ಊರುಗಳೇ ಹಿತ್ತಲು.

ನನ್ನ ಬೆಡ್‌ರೂಮಿನ ಗೋಡೆಯ ಬಗ್ಗೆ ಮೊದಲ ಸಲ ಒಂದು ಉಪಯೋಗದ ಮಾತು ಕೇಳಿದ್ದು ಈ ಊರಿನಲ್ಲಿ. ಸ್ಟೇಷನ್ನಿನಿಂದ ನಡೆದು ಹೋಗುವಾಗ ದಾರಿಯಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಹಿಂದಿನ ದಿನ ಹಾಕಿದ ಪಿಲ್ಲರುಗಳಿಗೆ ಗೋಣಿಚೀಲ ಸುತ್ತಿ ಹಗ್ಗ ಕಟ್ಟಿದ್ದರು. ಒಬ್ಬ ಹೆಂಗಸು ಪೈಪು ಹಿಡಿದು ಒಂದೊಂದೇ ಪಿಲ್ಲರಿಗೆ ನೀರು ಬಿಡುತ್ತಿದ್ದಳು. ಗೆಳೆಯನಿಗೆ ಅಲ್ಲಿನ ಮೇಸ್ತ್ರಿ ಪರಿಚಯ. ನನ್ನ ಮೊಬೈಲಿನಲ್ಲಿ ಗೋಡೆಯ ಫೋಟೊ ತೋರಿಸಿದೆ. ಹಿಗ್ಗಿಸಿ ನೋಡಿದ.

‘ಹೊರಗಡೆ ಪ್ಲಾಸ್ಟರಿಂಗ್ ಮಾಡ್ದಾಗ ನೀರು ಹೊಡ್ದಿಲ್ಲ ಸಾರ್. ಕುಡೀಬೇಕಾದ ಟೈಮಲ್ಲಿ ಕುಡಿಸ್ಲಿಲ್ಲ ಅಂದ್ರೆ, ಆಮೇಲೆ ಮಳೆ ಬಂದಾಗೆಲ್ಲ ತಾನೇ ಕುಡೀತದೆ ಗೋಡೆ.’

ಸಿಮೆಂಟು ಒಣಗಿ ಗಟ್ಟಿಯಾಗೋದಲ್ಲ, ನೀರಿನ ಜೊತೆ ಸೇರಿ ಗಟ್ಟಿಯಾಗೋದು. ಆ ರಾಸಾಯನಿಕ ಕ್ರಿಯೆ ಮುಗಿಯುವವರೆಗೆ ಮೈ ಹಸಿಯಾಗಿರಬೇಕು. ಕಾಂಕ್ರೀಟಿನ ಭಾರತೀಯ ಮಾನದಂಡದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ್ದಕ್ಕೆ ಕನಿಷ್ಠ 10 ದಿನ. ಹಾಗೆ ಮಾಡದಿದ್ದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ನೀರು ಕೊಂಡು ತಂದು, ಕೆಲಸ ಮುಗಿಸುವ ತಾರೀಕು ತಲೆಯ ಮೇಲಿರುವ ಕಡೆ ಏಳನೇ ಮಹಡಿಯ ಹೊರಗೋಡೆಗೆ ಹತ್ತು ದಿನ ಪೈಪು ಹಿಡಿದು ನಿಲ್ಲುವವರು ಯಾರು? ನಮ್ಮದು ಹಾಗೇ ಆಗಿದೆಯೋ, ಬೇರೆ ಕಾರಣವೋ, ಫೋಟೊ ನೋಡಿ ಹೇಳಿದ ಮಾತನ್ನು ಕೋರ್ಟಿಗೆ ಒಯ್ಯೋಕಾಗಲ್ಲ. ಆದರೆ ಎರಡು ವರ್ಷದಲ್ಲಿ ಆ ಫೋಟೊವನ್ನು ಹಿಗ್ಗಿಸಿ ನೋಡಿದ ಮೊದಲ ಮನುಷ್ಯ ಅವನೇ.

ಮನೆ ಸ್ಟೇಷನ್ನಿಗೆ ಹತ್ತು ನಿಮಿಷದ ದೂರದಲ್ಲಿತ್ತು. ಕೆಳಗೆ ಮನೆಯ ಯಜಮಾನಿ, ಮೇಲೆ ಬಾಡಿಗೆಗೆ ಎರಡು ರೂಮು, ಹಾಲು, ಅಡುಗೆಮನೆ. ಆರ್‌ಸಿಸಿ ಮನೆ, ರೆಡ್ ಆಕ್ಸೈಡ್ ಮೆಟ್ಟಿಲು, ಮುಂದೆ ಸೀಬೆ ಗಿಡ. ನಾನು ಬಾಗಿಲು, ಕಿಟಕಿಗಿಂತ ಮೊದಲು ಗೋಡೆಗಳನ್ನು ಬಡಿದು ನೋಡಿದೆ. ‘ಏನಪ್ಪಾ, ಗೋಡೆ ಕೊಂಡ್ಕೊಳ್ಳಾಕೆ ಬಂದಿದೀಯಾ?’ ಅಂದರು ಯಜಮಾನಿ. ಅರವತ್ತು ದಾಟಿದ ವಯಸ್ಸು. ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನಂತೆ. ಅವನಿದ್ದಿದ್ದರೆ ಈ ಮೇಲಿನ ಮನೆ ಅವನದೇ.

‘ನೀರು ಹೆಂಗಮ್ಮ ಇಲ್ಲಿ?’

‘ದಿನ ಬಿಟ್ಟು ದಿನ ಬತ್ತದೆ. ಬೆಳಿಗ್ಗೆ ಆರೂವರೆಗೆ. ಒಂದು ಗಂಟೆ ಬಿಡ್ತಾನೆ. ಸಂಪು ತುಂಬ್ಕೋಬೇಕು, ಮೋಟರ್ ಹಾಕಿ ಮ್ಯಾಲೆ ಹತ್ತಿಸ್ಕೋಬೇಕು. ಕುಡಿಯಾಕೆ ಇದಲ್ಲ, ಫಿಲ್ಟರ್ ನೀರು ತರ್ಬೇಕು.’

‘ಬಿಡ್ತಾನೆ’ ಅಂದರಲ್ಲ, ಆ ಮನುಷ್ಯ ಆಮೇಲೆ ಸೈಕಲ್ ಮೇಲೆ ಅದೇ ರಸ್ತೆಯಲ್ಲಿ ಬಂದ. ಪಂಚಾಯ್ತಿಯ ವಾಟರ್‌ಮನ್. ಹಳೆಬರು ನೀರುಗಂಟಿ ಅಂತಲೇ ಕರೀತಾರೆ. ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಲ್ಲಿ ನೀರು ಹರಿಸುವವನಿಗಿದ್ದ ಹೆಸರು ಅದು. ಈಗ ತೂಬಿನ ಜಾಗದಲ್ಲಿ ವಾಲ್ವ್ ಇದೆ, ಹೆಸರು ಹಾಗೇ ಉಳಿದುಕೊಂಡಿದೆ. ಯಜಮಾನಿ ಅವನನ್ನು ತಡೆದು ನಿಲ್ಲಿಸಿ, ಮೊನ್ನೆ ಅರ್ಧ ಗಂಟೆಗೇ ನಿಲ್ಲಿಸಿದ್ದು ಯಾಕೆ ಅಂತ ಜೋರು ಮಾಡಿದರು. ಮೋಟರ್ ಸುಟ್ಟಿತ್ತು ಅಂದ. ಯಾವ ಬೋರಿಂದು ಅಂತ ಇವರು ಕೇಳಿದರು. ಅವನು ಯಾವ ಹೊಲದ ಪಕ್ಕದ್ದು ಅಂತ ಹೇಳಿದ. ಮೆಕ್ಯಾನಿಕ್ಕು ಯಾವಾಗ ಬರ್ತಾನೆ ಅಂತ ಇನ್ನೊಂದು ಪ್ರಶ್ನೆ. ಎರಡು ನಿಮಿಷದ ಜಗಳ, ಕೊನೆಗೆ ‘ಕಾಫಿ ಕುಡ್ಕೊಂಡು ಹೋಗು’.

ನಾನು ನಿಂತು ನೋಡುತ್ತಿದ್ದೆ. ನಮ್ಮ ಇನ್ನೂರು ಮನೆಗಳ ನೀರನ್ನು ಬಿಡುವ ಮನುಷ್ಯ ಯಾರು ಅಂತ ನನಗೆ ಗೊತ್ತಿಲ್ಲ. ಅವನಿಗೂ ನನ್ನ ಮುಖ ಗೊತ್ತಿಲ್ಲ. ಅವನ ಜೊತೆ ಜಗಳ ಆಡುವ ಅವಕಾಶವೇ ನನಗಿಲ್ಲ, ನನ್ನ ಜಗಳ ಹಸಿರು ಗುರುತಿನ ಜೊತೆ.

ಇದನ್ನು ಓದಿ ಹಳ್ಳಿಯೇ ಸ್ವರ್ಗ ಅಂತ ನಾನು ಹಾಡು ಶುರು ಮಾಡ್ತೀನಿ ಅಂದುಕೊಳ್ಳಬೇಡಿ. ತೊಂಡೇಬಾವಿಯ ಹೆಸರಿನಲ್ಲಿ ಬಾವಿ ಇದೆ, ನೀರು ಮಾತ್ರ ಪಾತಾಳದಲ್ಲಿದೆ. ಗೌರಿಬಿದನೂರು ತಾಲ್ಲೂಕು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಈ ತಾಲ್ಲೂಕಿನ ಮೂಲಕವೇ ಆಂಧ್ರಕ್ಕೆ ಹೋಗುತ್ತದೆ, ಆದರೆ ವರ್ಷದ ಬಹುಕಾಲ ಹೋಗುವುದು ಹೆಸರು ಮಾತ್ರ. ಸಾವಿರ ಅಡಿ ಕೊರೆದ ಬೋರುಗಳ ಮಾತು ಇಲ್ಲಿ ಹೋಟೆಲಿನಲ್ಲಿ ದೋಸೆಯ ಮಾತಿನ ಹಾಗೆ ಬರುತ್ತದೆ. ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್ ಸೇರಿಕೊಳ್ಳುವ ಸಮಸ್ಯೆ ಇಡೀ ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಿದೆ. ಕುಡಿಯುವ ನೀರಿನ ಮಾನದಂಡ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಅನ್ನುತ್ತದೆ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಅದು ಮೀರಿದ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ. ‘ಕುಡಿಯಾಕೆ ಇದಲ್ಲ’ ಅಂತ ಯಜಮಾನಿ ಹೇಳಿದ್ದು ಅದಕ್ಕೇ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕದ ಮುಂದೆ ಬೈಕಿಗೆ ಎರಡೆರಡು ಕ್ಯಾನು ನೇತುಹಾಕಿಕೊಂಡು ನಿಂತಿರೋದು ಈ ಕಡೆಯ ಎಲ್ಲ ಊರುಗಳ ಬೆಳಗಿನ ದೃಶ್ಯ. ಗಡಸು ನೀರಿನಲ್ಲೂ ನನ್ನ ಅಪಾರ್ಟ್‌ಮೆಂಟಿಗೂ ಈ ಊರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಯಜಮಾನಿಯ ಬಚ್ಚಲಿನ ಬಕೆಟ್ಟಿಗೂ ಅದೇ ಬಿಳಿ ಪಟ್ಟಿ.

ಲೆಕ್ಕದಲ್ಲೇ ತಾರತಮ್ಯ ಇದೆ. ಒಳಚರಂಡಿ ಇರುವ ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ಸರ್ಕಾರ ಯೋಜನೆ ಹಾಕುತ್ತದೆ. ಹಳ್ಳಿಗೆ ಜಲ ಜೀವನ್ ಮಿಷನ್ ಲೆಕ್ಕದಲ್ಲಿ 55 ಲೀಟರ್. ಯಲಹಂಕದಲ್ಲಿ ರೈಲು ಹತ್ತಿ ಇಲ್ಲಿ ಇಳಿದರೆ ನನ್ನ ದೇಹಕ್ಕೆ ಬೇಕಾದ ನೀರು 80 ಲೀಟರ್ ಕಡಿಮೆಯಾಗುತ್ತದೆ! 2016ರ ಮಾರ್ಚ್‌ನಲ್ಲಿ ಈ ಬಯಲುಸೀಮೆಯ ರೈತರು ಶಾಶ್ವತ ನೀರಾವರಿ ಕೇಳಿಕೊಂಡು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟಾಗ ನಾವೆಲ್ಲ ಟ್ರಾಫಿಕ್ ಜಾಮ್ ಅಂತ ಗೊಣಗಿದ್ದೆವು. ಎತ್ತಿನಹೊಳೆಯ ನೀರಿಗೆ ಈ ಕಡೆ ಇನ್ನೂ ಕಾಯುತ್ತಿದ್ದಾರೆ. ಅದಕ್ಕೆ ಮೊದಲೇ ಜಿಲ್ಲೆಗೆ ಬಂದದ್ದು ನಮ್ಮ ಕೊಳಚೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತ ಸಂಸ್ಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್ ಲೆಕ್ಕದಲ್ಲಿ ಈ ಭಾಗದ ಕೆರೆಗಳಿಗೆ ಹರಿಸುವ ಯೋಜನೆ ಅದು. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಹಾಗೇ ತುಂಬಿತು. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಕಳಿಸಿ ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಫ್ಲಶ್ ನೀರಿನ ವಾಸನೆಗೇ ಕಂಪ್ಲೇಂಟ್ ಬರೆದ ನನಗೆ ಅವರು ಕೇಳುವುದು ಅತಿ ಅಂತ ಹೇಗೆ ಅನ್ನಿಸಬೇಕು?

2024ರ ಬೇಸಿಗೆ ನೆನಪಿರಬೇಕು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿತು. ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿತು, 12,000 ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಅಂತ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಪೈಪು ನಮ್ಮ ರಸ್ತೆಗೂ ಬಂದಿದೆ. ಗೇಟಿನೊಳಗೆ ಬಂದಿಲ್ಲ. ಸಂಪರ್ಕ ಶುಲ್ಕದ ಪಾಲು ಯಾರು ಯಾರು ಎಷ್ಟು ಕೊಡಬೇಕು ಅಂತ ಮಾಲೀಕರ ಸಭೆಯಲ್ಲಿ ಚರ್ಚೆ ನಡೆಯುತ್ತಲೇ ಇದೆ. ಅವರಲ್ಲಿ ಅರ್ಧ ಜನ ಆ ನೀರು ಕುಡಿಯೋರಲ್ಲ, ಬಾಡಿಗೆ ಎಣಿಸೋರು. ಕುಡಿಯೋರು ಸಭೆಯ ಹೊರಗಿದೀವಿ.

ಮಧ್ಯಾಹ್ನ ಯಜಮಾನಿ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಊಟದ ಜೊತೆಗೆ ಪ್ರಶ್ನೆಗಳೂ ಬಂದವು. ಮದುವೆ ಆಗಿ ಎಷ್ಟು ವರ್ಷ, ಮಕ್ಕಳು ಯಾಕಿಲ್ಲ, ಸಂಬಳ ಎಷ್ಟು. ಕೊನೆಗೆ ತಟ್ಟೆ ನೋಡುತ್ತಾ ‘ನೀವು ಯಾವ ಪೈಕಿ?’ ಅಂದರು. ನಾನು ತಡವರಿಸಿದೆ. ಗೆಳೆಯ ಮಾತು ಬೇರೆ ಕಡೆ ತಿರುಗಿಸಿದ. ಅವನಿಗೆ ಇದು ಹೊಸದಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಬ್ರೋಕರ್ ಇದೇ ಪ್ರಶ್ನೆಯನ್ನು ‘ಪ್ಯೂರ್ ವೆಜ್ಜಾ ಸಾರ್?’ ಅಂತ ಕೇಳಿದ್ದ. ಇಲ್ಲಿ ನೇರ, ಅಲ್ಲಿ ಸುತ್ತು. ಕೇಳುವುದು ಒಂದನ್ನೇ. ಮುದ್ದೆ ನುಂಗುವುದು ಸ್ವಲ್ಪ ಹೊತ್ತು ಕಷ್ಟವಾಯಿತು, ಸಾರು ಎಷ್ಟೇ ರುಚಿಯಾಗಿದ್ದರೂ. ಬೆಂಗಳೂರಿನ ಲಿಫ್ಟಿನಲ್ಲಿ ಯಾರೂ ಯಾರನ್ನೂ ಏನೂ ಕೇಳದಿರುವುದು ಕೆಲವರಿಗೆ ಯಾಕೆ ಹಾಯಾಗಿರುತ್ತದೆ ಅಂತ ಅಲ್ಲಿ ಅರ್ಥವಾಯಿತು.

ಬೇರೆ ಕೊರತೆಗಳೂ ಇವೆ. ರಾತ್ರಿ ಎದೆ ನೋವು ಬಂದರೆ ದೊಡ್ಡ ಆಸ್ಪತ್ರೆ ದೂರ. ಕರೆಂಟು ಹೋಗುತ್ತೆ, ಆಗ ಕಾಲ್‌ನಲ್ಲಿ ನಾನು ಮೊಬೈಲ್ ಡೇಟಾಗೆ ಓಡಬೇಕು. ಕ್ರಾಸಿಂಗ್‌ಗೆ ಅಂತ ನಿಂತ ರೈಲು ಯಾವಾಗ ಹೊರಡುತ್ತೆ ಅಂತ ಹೇಳೋರಿಲ್ಲ. ಹಳಿ ಜೋಡಿಯಾದ ಮೇಲೆ ಪರವಾಗಿಲ್ಲ ಅಂತಾನೆ ಗೆಳೆಯ. ಹೆಂಡತಿಯ ಕೆಲಸ ವಾರಕ್ಕೆ ಐದೂ ದಿನ ಆಫೀಸಿನದು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಹುಡುಗನಾಗಿದ್ದಾಗ ಓದಲಿಕ್ಕೆ ನಡೆದೇ ಬೆಂಗಳೂರಿಗೆ ಹೋದವರು. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ದಶಕಗಟ್ಟಲೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಇದ್ದರು. ಒಂದು ರೂಮಿನಲ್ಲಿ ಒಂದು ಜನ್ಮ ಕಳೆದವರ ತಾಲ್ಲೂಕಿಗೆ ನಾನು ಗೀಸರ್ ಕಾಯಿಲಿನ ದೂರು ಹೊತ್ತು ಬಂದಿದ್ದೇನಲ್ಲ ಅಂತ ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ. ಆ ರೂಮಿಗೆ ಯಾರೂ ಮೇಂಟೆನೆನ್ಸ್ ಬಿಲ್ ಕಳಿಸುತ್ತಿರಲಿಲ್ಲ.

ಹೊರಡುವ ಮುಂಚೆ ವ್ಯವಹಾರದ ಮಾತು. ನಾನು ಹೇಳಿದ ಒಪ್ಪಂದ, ಸ್ಟ್ಯಾಂಪ್ ಪೇಪರ್ ಯಾವುದೂ ಯಜಮಾನಿಗೆ ಬೇಕಿರಲಿಲ್ಲ. ‘ಮ್ಯಾಲೆ ನೀನಿರ್ತೀಯಾ, ಕೆಳಗೆ ನಾನಿರ್ತೀನಿ, ಪೇಪರ್ ಎಲ್ಲಿರ್ತದೆ?’ ನನಗೆ ಪೇಪರ್ ಬೇಕು ಅಂದೆ. ಗೋಡೆ ತೇವ ಆದರೆ ಯಾರು ಮಾಡಿಸಬೇಕು, ಮೋಟರ್ ಕೆಟ್ಟರೆ ಯಾರು, ಬಿಡುವಾಗ ಅಡ್ವಾನ್ಸಿನಲ್ಲಿ ಏನು ಹಿಡಿಯಬಹುದು, ಮನೆಗೆ ಯಾರು ಬಂದರು ಹೋದರು ಅಂತ ಕೇಳೋಹಾಗಿಲ್ಲ ಅನ್ನೋದೂ ಸೇರಿ ನಾಲ್ಕು ಸಾಲು ಸಾಕು, ಕನ್ನಡದಲ್ಲಿ, ಅವರೂ ಓದಿ ಸಹಿ ಹಾಕುವ ಹಾಗೆ. ಕೊನೆಯ ಸಾಲಿಗೆ ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

‘ಬರ್ಕೊಂಡ್ ಬಾ, ನೋಡಾಣ. ಅಡ್ವಾನ್ಸು ಎರಡು ತಿಂಗಳಿಂದು ಕೊಡು. ಫ್ಯಾಕ್ಟರಿಯವರೊಬ್ರು ಕೇಳವ್ರೆ, ಯುಗಾದಿಯೊಳಗೆ ಹೇಳ್ಬಿಡಪ್ಪಾ.’

ಸೀಬೆಕಾಯಿ ಒಂದು ಕವರ್ ತುಂಬ ಕೊಟ್ಟರು. ಸಂಜೆ ರೈಲು ಅರ್ಧ ಗಂಟೆ ತಡ. ಮನೆಗೆ ಬಂದಾಗ ಹೆಂಡತಿ ಒಗೆದ ಬಟ್ಟೆಯನ್ನು ಹಾಲಿನಲ್ಲಿ ಹರವುತ್ತಿದ್ದಳು, ಬೆಡ್‌ರೂಮಿನಲ್ಲಿ ಇಟ್ಟರೆ ವಾಸನೆ ಬರುತ್ತೆ ಅಂತ. ಸೀಬೆಕಾಯಿ ತೊಳೆದು ಕೊಯ್ದಳು. ಮನೆ ಫೋಟೊಗಳನ್ನು ಒಂದೊಂದಾಗಿ ನೋಡಿದಳು. ನಾನು ಎಲ್ಲ ಹೇಳಿದೆ, ‘ಯಾವ ಪೈಕಿ’ ಅಂದದ್ದನ್ನೂ.

‘ನೀರು ಎಷ್ಟು ಗಂಟೆಗಂತೆ?’

‘ಬೆಳಿಗ್ಗೆ ಆರೂವರೆ.’

‘ದಿನ ಬಿಟ್ಟು ದಿನ?’

‘ಹ್ಞೂಂ. ಬರದಿದ್ರೆ ಕೇಳಬಹುದು. ಅದೇ ರಸ್ತೇಲಿ ಸೈಕಲ್‌ನಲ್ಲಿ ಓಡಾಡ್ತಾನೆ.’

ಅವಳು ಬಾಗಿಲ ಹಿಂದಿನ ಕ್ಯಾಲೆಂಡರ್ ಹತ್ತಿರ ಹೋಗಿ, ನಮ್ಮ ಹನ್ನೊಂದು ತಿಂಗಳು ಯಾವತ್ತಿಗೆ ಮುಗಿಯುತ್ತೆ ಅಂತ ಹಾಳೆ ಮಗುಚತೊಡಗಿದಳು.